ಕಾವೇರಿ ದಡದಲ್ಲಿ ಕರೆಂಟಿನ ಜಾಡು

ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿ ಅಂಥ ಗದ್ದಲದ ಹೊಳೆಯೇನಲ್ಲ. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಮರಳನ್ನು ಸವರಿಕೊಂಡು ಬಂದವಳು ದಾಸನಪುರ, ಮುಳ್ಳೂರು, ಹರಳೆ, ಹಂಪಾಪುರಗಳ ಗದ್ದೆ ತೋಟಗಳ ಪಕ್ಕದಲ್ಲಿ ಸಾವಧಾನವಾಗಿ ಸಾಗುತ್ತಾಳೆ. ಇನ್ನು ಸ್ವಲ್ಪ ದೂರದಲ್ಲೇ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕಲಿದ್ದಾಳೆಂಬ ಸುಳಿವನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಆದರೆ 2018ರ ಮಳೆಗಾಲದಲ್ಲಿ, ಮತ್ತೆ 2019ರ ಆಗಸ್ಟ್ ತಿಂಗಳಲ್ಲಿ, ಮೇಲಿನ ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ಹೆಚ್ಚಿನ ನೀರು ಹೊರಬಿದ್ದಾಗ ಇದೇ ಊರುಗಳ ಬೀದಿಗಳಿಗೆ ಹೊಳೆ ನುಗ್ಗಿತು. ಶಿವನಸಮುದ್ರದ ಬಳಿಯ ಹಳೆಯ ವೆಸ್ಲಿ ಸೇತುವೆಯ ಕಲ್ಲುಗಳೂ 2018ರಲ್ಲಿ ಆ ಸೆಳೆತಕ್ಕೆ ಸಿಕ್ಕಿ ಕಳಚಿದವು.

ಈ ಭಾಗದ ನೀರಿನ ಹಳೆಯ ವಾಹನ ಹರಿಗೋಲು. ಅದಕ್ಕೆ ಯಂತ್ರವಿಲ್ಲ, ಬ್ಯಾಟರಿಯಿಲ್ಲ, ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಆದರೆ ನೆರೆಯ ನೀರಿನಲ್ಲಿ ಹುಟ್ಟು ಹಾಕುವವನ ತೋಳು ಎಷ್ಟು ಹೊತ್ತು ತಡೆದೀತು? ಆಗ ಬೇಕಾಗುವುದು ಲಾರಿಯ ಮೇಲೆ ಏರಿಸಿ ತರುವ ಯಂತ್ರದ ದೋಣಿ. ಅದರ ಹಿಂಬದಿಯ ಹಲಗೆಗೆ ಕಚ್ಚಿಸಿದ ಯಂತ್ರವನ್ನು ಔಟ್‌ಬೋರ್ಡ್ ಮೋಟಾರ್ ಎನ್ನುತ್ತಾರೆ. ಸಣ್ಣ ಯಂತ್ರವಾದರೆ ಹಗ್ಗ ಎಳೆದು ಎಬ್ಬಿಸಬಹುದು. ದೊಡ್ಡದಕ್ಕೆ ಕಾರಿನ ಹಾಗೆ ‘ಸೆಲ್ಫ್’ ಬೇಕು, ಸೆಲ್ಫಿಗೆ ಬ್ಯಾಟರಿ ಬೇಕು. ಹಗ್ಗದ ಯಂತ್ರದ ದೋಣಿಯಲ್ಲೂ ರಾತ್ರಿಯ ಹುಡುಕು ದೀಪಕ್ಕೆ, ವೈರ್‌ಲೆಸ್ಸಿಗೆ ಬ್ಯಾಟರಿ ಇಲ್ಲದೆ ನಡೆಯುವುದಿಲ್ಲ. ಮನೆಯ ಮಾಳಿಗೆಯ ಮೇಲೆ ಮುದುಕರೂ ಮಕ್ಕಳೂ ಕಾದು ಕುಳಿತಿರುವಾಗ ಸೆಲ್ಫ್ ‘ಟಿಕ್’ ಎಂದು ಸುಮ್ಮನಾದರೆ ಏನು ಗತಿ?

ನೆರೆಯ ದೋಣಿಗೆ ಒಂದು ವಿಚಿತ್ರ ಜಾತಕವಿದೆ. ಅದಕ್ಕೆ ಕೆಲಸ ವರ್ಷಕ್ಕೆ ನಾಲ್ಕು ದಿನ, ಉಳಿದದ್ದೆಲ್ಲ ನಿದ್ದೆ. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಗೆ ನಿದ್ದೆಯಷ್ಟು ಕೆಟ್ಟದ್ದು ಬೇರೊಂದಿಲ್ಲ. ಯಾರೂ ಮುಟ್ಟದೆ ಇಟ್ಟರೂ ಅದರ ಚಾರ್ಜು ದಿನದಿನಕ್ಕೆ ಇಳಿಯುತ್ತದೆ, ಬೇಸಿಗೆಯ ಸೆಕೆಯಲ್ಲಂತೂ ಇನ್ನೂ ಬೇಗ. ಚಾರ್ಜು ಇಳಿದ ಬ್ಯಾಟರಿಯನ್ನು ಹಾಗೆಯೇ ತಿಂಗಳುಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ನದಿಯೇ ಇಲ್ಲದ ಊರಿನಲ್ಲಿ ಮಳೆಗಾಲದಲ್ಲಿ ಮಾತ್ರ ಹೊರಬರುವ ಟ್ರ್ಯಾಕ್ಟರಿಗೂ ಇದೇ ಕಾಯಿಲೆ.

ಇಂಥ ಕಾಯಿಲೆಗಳಿಗೆ ಮದ್ದು ಹುಡುಕುವವರು ಕೊಳ್ಳೇಗಾಲದಂಥ ಪೇಟೆಯ ಆಟೋ ಎಲೆಕ್ಟ್ರಿಷಿಯನ್ನರು. ಕೊಳ್ಳೇಗಾಲವೆಂದರೆ ಹೊರಗಿನವರಿಗೆ ರೇಷ್ಮೆ ಸೀರೆ ನೆನಪಾಗುತ್ತದೆ, ಅದು ಸರಿಯೇ. ಆದರೆ ಮಹದೇಶ್ವರ ಬೆಟ್ಟ, ಹನೂರು, ಯಳಂದೂರು, ಮಳವಳ್ಳಿಗಳ ದಾರಿಗಳು ಇಲ್ಲಿ ಕೂಡುವುದರಿಂದ ಕೆಟ್ಟ ವಾಹನಗಳೂ ಇಲ್ಲಿಗೇ ಬಂದು ಕೂಡುತ್ತವೆ. ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೊಳೆಗೆ ತೂಗುಬಿದ್ದ ತಾಮ್ರದ ಸುರುಳಿಗಳು, ಮೂಲೆಯಲ್ಲಿ ಚಾರ್ಜಿಗಿಟ್ಟ ಬ್ಯಾಟರಿಗಳ ಸಾಲು. ಆಲ್ಟರ್ನೇಟರ್ ಬಂದು ದಶಕಗಳಾದರೂ ಇಂಥ ಅಂಗಡಿಗಳಲ್ಲಿ ಅದನ್ನು ‘ಡೈನಮೋ’ ಎಂದು ಕರೆಯುವವರು ಇನ್ನೂ ಇದ್ದಾರೆ. ಹೆಸರಿನ ಬಗ್ಗೆ ಜಗಳವಾಡುವುದಕ್ಕೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಅಲ್ಲಿ ದಿನವೂ ಕೇಳಿಬರುವ ಮಾತು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ:

“ಅಣ್ಣೋ, ಬ್ಯಾಟ್ರಿ ಹೊಂಟೋಯ್ತು ಕಣಣ್ಣೋ. ಹೊಸದೇ ಹಾಕ್ಬುಡು.”

“ವಸಿ ತಡಿ ಮಗ. ಬ್ಯಾಟ್ರಿ ಹೋಯ್ತು ಅಂತ ನೀನು ಹೇಳ್ತಿದ್ದೀಯ, ಬ್ಯಾಟ್ರಿ ಇನ್ನೂ ಹೇಳಿಲ್ಲ.”

ಈ ಒಂದು ಉತ್ತರದಲ್ಲಿ ಆ ಕಸುಬಿನ ಅರ್ಧ ಪಾಠವಿದೆ. ಕೆರೆ ಬತ್ತಿದರೆ ಕೆರೆಯನ್ನೇ ಬಯ್ಯುವವರುಂಟು. ಹೂಳು ತುಂಬಿರಬಹುದು, ನಿಜ. ಆದರೆ ನೀರು ತರುವ ಕಾಲುವೆ ಮಧ್ಯದಲ್ಲಿ ಒಡೆದಿರಬಹುದು, ತೂಬು ಮುಚ್ಚದೆ ರಾತ್ರಿಯೆಲ್ಲ ನೀರು ಹರಿದುಹೋಗಿರಬಹುದು, ಮೇಲಿನ ಹಳ್ಳದಲ್ಲಿ ನೀರೇ ಬಂದಿಲ್ಲದಿರಬಹುದು. ಬ್ಯಾಟರಿ ಬರೀ ಕೆರೆ. ಅದಕ್ಕೆ ನೀರು ತರುವ ಹಳ್ಳ ಆಲ್ಟರ್ನೇಟರ್, ನೀರು ಹದ ಮೀರದಂತೆ ತಡೆಯುವ ತೂಬು ರೆಗ್ಯುಲೇಟರ್, ಕಾಲುವೆಗಳು ತಂತಿಗಳು. ಹೊಸ ಬ್ಯಾಟರಿ ಹಾಕಿದರೆ ಎರಡು ದಿನ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಮೂರನೆಯ ದಿನ ಅದೂ ಬತ್ತುತ್ತದೆ, ದುಡ್ಡೂ ಬತ್ತಿರುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ ಬ್ಯಾಟರಿಗೇ, ಆದರೆ ಯಂತ್ರ ನಿಂತಿರುವಾಗ, ಕೆಲವು ಗಂಟೆ ವಿಶ್ರಾಂತಿ ಕೊಟ್ಟ ಮೇಲೆ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಶಗಳು, ಒಂದೊಂದೂ 2.1 ವೋಲ್ಟ್. ಹೀಗಾಗಿ ತುಂಬಿದ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.6 ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. 11.8ಕ್ಕೆ ಇಳಿದರೆ ಖಾಲಿಯೇ. ಹೆಸರು ಹನ್ನೆರಡು ವೋಲ್ಟ್ ಎಂದಿರುವುದರಿಂದ ಮೀಟರು 12.0 ತೋರಿಸಿದರೆ ಸಮಾಧಾನ ಪಡುವ ಹುಡುಗರಿದ್ದಾರೆ. ಆ ಅಂಕಿ ಸಮಾಧಾನದ್ದಲ್ಲ, ಕಾಲು ಭಾಗ ಮಾತ್ರ ಉಳಿದಿದೆ ಎಂಬುದರ ಸೂಚನೆ.

ಎರಡನೆಯ ಪ್ರಶ್ನೆ ಯಂತ್ರ ಓಡುತ್ತಿರುವಾಗ, ಅದೇ ಬ್ಯಾಟರಿಯ ಅದೇ ಎರಡು ಮೊಳಕೆಗಳ ಮೇಲೆ. ವೇಗ ಸ್ವಲ್ಪ ಏರಿಸಿದರೆ ಅಂಕಿ 13.8ರಿಂದ 14.5ರ ನಡುವೆ ಬಂದು ನಿಲ್ಲಬೇಕು. ಹತ್ತದೆ 12.4ರಲ್ಲೇ ಕುಳಿತಿದ್ದರೆ ಹಳ್ಳದಿಂದ ನೀರು ಬರುತ್ತಿಲ್ಲ. 15 ದಾಟಿದರೆ ತೂಬು ಕೆಟ್ಟಿದೆ, ಬ್ಯಾಟರಿ ಕುದಿಯುತ್ತಿದೆ, ವಾರಕ್ಕೊಮ್ಮೆ ನೀರು ಹಾಕಿದರೂ ಸಾಲದೆಂದು ಮಾಲೀಕ ಗೊಣಗುತ್ತಿರುತ್ತಾನೆ. ಈ ಎರಡು ಅಳತೆಗಳಿಗೆ ಐದು ನಿಮಿಷ ಸಾಕು, ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ. ಹಾಗಿದ್ದೂ ಎಷ್ಟೋ ಕಡೆ ಮೊದಲು ಸ್ಪ್ಯಾನರಿಗೆ ಕೈ ಹಾಕುತ್ತಾರೆ, ಮೀಟರು ಡಬ್ಬಿಯಲ್ಲೇ ಉಳಿಯುತ್ತದೆ.

ಚಾರ್ಜು ಬರುತ್ತಿಲ್ಲವೆಂದು ಖಚಿತವಾದ ಮೇಲೂ ಆಲ್ಟರ್ನೇಟರನ್ನು ಕಳಚುವ ಆತುರ ಬೇಡ. ಬೆಲ್ಟು ಸಡಿಲವಾಗಿದೆಯೇ ಎಂದು ಹೆಬ್ಬೆರಳಿನಲ್ಲಿ ಒತ್ತಿ ನೋಡಬೇಕು. ಬೆರಳಗಲಕ್ಕಿಂತ ಹೆಚ್ಚು ಬಗ್ಗಿದರೆ ಅದು ಜಾರುತ್ತಿದೆ. ಬ್ಯಾಟರಿಯ ಮೊಳಕೆಗಳ ಮೇಲೆ ನೀಲಿ ಬಿಳಿಯ ಹಿಟ್ಟು ಕಟ್ಟಿದೆಯೇ? ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ತೊಳೆದರೆ ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ. ಕೋಶದ ಬಾಯಿಯೊಳಗೆ ಮಾತ್ರ ಆ ಸೋಡಾ ನೀರು ಹೋಗಕೂಡದು.

ಇಲ್ಲಿಂದ ಮುಂದೆ ಒಂದು ಸೊಗಸಾದ ಪರೀಕ್ಷೆ ಇದೆ. ವಿಜ್ಞಾನ ಓದುವ ಮಕ್ಕಳು ಓಮನ ನಿಯಮವನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಅದು ಕೈಗೆ ಸಿಗುವುದು ಇಲ್ಲಿ. ಯಂತ್ರ ಓಡಿಸಿ, ದೀಪಗಳನ್ನೆಲ್ಲ ಹಾಕಿ, ಆಲ್ಟರ್ನೇಟರಿನ ಬಾಯಲ್ಲಿ ಎಷ್ಟು ವೋಲ್ಟ್ ಇದೆ, ಬ್ಯಾಟರಿಯಲ್ಲಿ ಎಷ್ಟಿದೆ ಎಂದು ಒಂದರ ಹಿಂದೊಂದು ಅಳೆಯುವುದು. ಅಲ್ಲಿ 14.2, ಇಲ್ಲಿ 13.1 ಬಂತೆನ್ನಿ. ಮಧ್ಯದ 1.1 ವೋಲ್ಟ್ ಎಲ್ಲಿ ಹೋಯಿತು? ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದ ಒಂದು ಜೋಡಣೆ ಅದನ್ನು ನುಂಗಿ ಬಿಸಿಯಾಗಿ ಕುಳಿತಿದೆ. ಮೀಟರಿನ ಒಂದು ಮೊನೆಯನ್ನು ಒಂದೆಡೆ ಇಟ್ಟು ಇನ್ನೊಂದನ್ನು ಜೋಡಣೆಯಿಂದ ಜೋಡಣೆಗೆ ಸರಿಸುತ್ತ ಹೋದರೆ ಕಳ್ಳ ಸಿಕ್ಕೇ ಸಿಗುತ್ತಾನೆ. ಅರ್ತಿನ ಕಡೆಯೂ ಇದೇ ಪರೀಕ್ಷೆ ನಡೆಯಬೇಕು. ಹೋದ ಕರೆಂಟು ಹಿಂದಿರುಗುವ ದಾರಿ ಅದು. ಹೋಗುವ ದಾರಿಯನ್ನು ನೋಡಿದವರು ಬರುವ ದಾರಿಯನ್ನು ಮರೆಯುವುದೇ ಹೆಚ್ಚು. ನೀರಿನ ತೇವದಲ್ಲೇ ಬಾಳುವ ದೋಣಿಯಲ್ಲಂತೂ ದೋಷ ಅಡಗಿ ಕೂರುವ ಜಾಗಗಳು ಇಂಥ ಜೋಡಣೆಗಳೇ.

ದೋಣಿಯ ಯಂತ್ರಕ್ಕೂ ಟ್ರ್ಯಾಕ್ಟರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಬಹುಪಾಲು ಔಟ್‌ಬೋರ್ಡುಗಳಲ್ಲಿ ಬೆಲ್ಟೂ ಇಲ್ಲ, ಬೇರೆ ಆಲ್ಟರ್ನೇಟರೂ ಇಲ್ಲ. ಯಂತ್ರದ ನೆತ್ತಿಯ ಮೇಲೆ ತಿರುಗುವ ಫ್ಲೈವೀಲಿನ ಒಳಗೋಡೆಗೆ ಕಾಯಂ ಅಯಸ್ಕಾಂತಗಳನ್ನು ಅಂಟಿಸಿರುತ್ತಾರೆ. ಅವು ತಾಮ್ರದ ಸುರುಳಿಗಳ ಸುತ್ತ ಸುತ್ತಿದಾಗ ವಿದ್ಯುತ್ ಹುಟ್ಟುತ್ತದೆ. ರೆಕ್ಟಿಫೈಯರ್-ರೆಗ್ಯುಲೇಟರ್ ಎಂಬ ಅಂಗೈಯಗಲದ ಡಬ್ಬಿ ಅದನ್ನು ಏಕಮುಖಗೊಳಿಸಿ ಬ್ಯಾಟರಿಗೆ ಕಳಿಸುತ್ತದೆ. ಹೀಗಾಗಿ ನಿಧಾನವಾಗಿ ಓಡುವಾಗ ಇದರಿಂದ ಹುಟ್ಟುವುದು ಅಲ್ಪ. ಬೀದಿಬೀದಿಯಲ್ಲಿ ನಿಲ್ಲುತ್ತ, ಜನರನ್ನು ಹತ್ತಿಸಿಕೊಳ್ಳುತ್ತ, ಹುಡುಕು ದೀಪ ಉರಿಸುತ್ತ ತೆವಳುವ ನೆರೆಯ ದೋಣಿ ದೋಷವೇನೂ ಇಲ್ಲದೆಯೂ ಬ್ಯಾಟರಿಯನ್ನು ಬರಿದು ಮಾಡಬಲ್ಲುದು. ಇನ್ನೊಂದು ಅಪಾಯ ಅವಸರದ್ದು. ಕತ್ತಲಲ್ಲಿ ಕೆಂಪು ತಂತಿಯನ್ನು ಕಪ್ಪಿನ ಜಾಗಕ್ಕೆ ಸಿಕ್ಕಿಸಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆ ಡಬ್ಬಿ ಸುಟ್ಟಿರುತ್ತದೆ. ಅದನ್ನು ಅಲ್ಲಿ ಯಾರೂ ರಿಪೇರಿ ಮಾಡಲಾರರು. ಯಂತ್ರ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಿತ್ತು ‘ಚಾರ್ಜು ಬರುತ್ತಿದೆಯೇ’ ಎಂದು ನೋಡುವ ಹಳೆಯ ಡೈನಮೋ ಕಾಲದ ಚಾಳಿಯೂ ಇದೇ ಫಲ ಕೊಡುತ್ತದೆ. ಸಾಲದ್ದಕ್ಕೆ, ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತಿರುತ್ತದೆ. ಹತ್ತಿರ ಬೀಡಿ ಹಚ್ಚುವವನನ್ನು, ಕಿಡಿ ಹಾರಿಸುವವನನ್ನು ದೂರ ಕಳಿಸುವುದು ಒಳ್ಳೆಯದು.

ಟ್ರ್ಯಾಕ್ಟರಿನ ಆಲ್ಟರ್ನೇಟರಿನಲ್ಲಿ ಕಾಯಂ ಅಯಸ್ಕಾಂತವಿಲ್ಲ. ಅದರ ತಿರುಗುವ ಸುರುಳಿಗೆ ಹೊರಗಿನಿಂದ ಸ್ವಲ್ಪ ಕರೆಂಟು ಕೊಟ್ಟರೆ ಮಾತ್ರ ಅದು ಅಯಸ್ಕಾಂತವಾಗುತ್ತದೆ. ಆ ಮೊದಲ ಗುಟುಕು ಅನೇಕ ವಾಹನಗಳಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪದ ಮೂಲಕವೇ ಹೋಗುತ್ತದೆ. ದೀಪ ಸುಟ್ಟುಹೋದರೆ ಗುಟುಕಿಲ್ಲ, ಗುಟುಕಿಲ್ಲದಿದ್ದರೆ ಆಲ್ಟರ್ನೇಟರ್ ಏಳದೇ ಹೋಗಬಹುದು. ಕೆಲವೇ ರೂಪಾಯಿಯ ಬಲ್ಬಿಗಾಗಿ ಸಾವಿರಾರು ರೂಪಾಯಿಯ ಆಲ್ಟರ್ನೇಟರ್ ಬದಲಾಯಿಸಿದ ಕಥೆಗಳು ಈ ಕಸುಬಿನಲ್ಲಿ ಸಾಕಷ್ಟಿವೆ.

ವಿದ್ಯುತ್ ಹುಟ್ಟಲು ಮೊದಲು ವಿದ್ಯುತ್ ಬೇಕೆಂಬ ಈ ಒಗಟಿನ ದೊಡ್ಡ ರೂಪ ಹೊಳೆಯಾಚೆಗೇ ಇದೆ. ಕೊಳ್ಳೇಗಾಲದಿಂದ ಸತ್ತೇಗಾಲದ ಮೂಲಕ ಕಾವೇರಿಯನ್ನು ದಾಟಿದರೆ ಮಳವಳ್ಳಿ ತಾಲ್ಲೂಕಿನ ದಡದಲ್ಲಿ ಶಿವನಸಮುದ್ರದ ವಿದ್ಯುದಾಗಾರ ಸಿಗುತ್ತದೆ. 1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳನ್ನು ಮುಟ್ಟಿತು. ನೀರಿನ ಸುಮಾರು 400 ಅಡಿ ಇಳಿತ, ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯ ಟರ್ಬೈನುಗಳು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜನರೇಟರುಗಳು. ಭಾರದ ಯಂತ್ರಭಾಗಗಳನ್ನು ರೈಲಿನಿಂದ ಇಳಿಸಿದ ಮೇಲೆ ಎತ್ತು, ಆನೆಗಳ ಬಲದಿಂದ ಸಾಗಿಸಿದರು. ಯೋಜನೆಯ ಹಿಂದಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು. ಅದರ ರೂಪರೇಖೆ ಹಾಕಿದ ಇಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರ್. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷಗಳ ಆನಂತರ, 1905ರ ಆಗಸ್ಟ್ 5ರಂದು. ಆ ಕಾಲದಲ್ಲಿ ಕೊಳ್ಳೇಗಾಲ ಮೈಸೂರಿನದಲ್ಲ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯದು. ಕನ್ನಡನಾಡಿಗೆ ಸೇರಿದ್ದು 1956ರಲ್ಲಿ. ಜಲಪಾತದ ಸದ್ದು ಕೇಳುವಷ್ಟು ಹತ್ತಿರವಿದ್ದರೂ ಅದು ಪರಸೀಮೆ.

ಆ ಕಾಲದ ದೊಡ್ಡ ಜನರೇಟರುಗಳ ಜೊತೆಗೆ ಎಕ್ಸೈಟರ್ ಎಂಬ ಚಿಕ್ಕ ಡಿ.ಸಿ. ಯಂತ್ರ ಇರುತ್ತಿತ್ತು. ದೊಡ್ಡ ಯಂತ್ರದ ಸುರುಳಿಯನ್ನು ಅಯಸ್ಕಾಂತ ಮಾಡುವುದೇ ಅದರ ಕೆಲಸ. ಅದು ಸುಮ್ಮನಾದರೆ ಟರ್ಬೈನು ಎಷ್ಟೇ ಭೋರ್ಗರೆದು ತಿರುಗಿದರೂ ತಂತಿಯಲ್ಲಿ ಏನೂ ಹೊರಡದು. ಕೊಳ್ಳೇಗಾಲದ ಅಂಗಡಿಯಲ್ಲಿ ಕಾರ್ಬನ್ ಬ್ರಷ್ಷು ಸವೆದು ಚಾರ್ಜು ನಿಂತ ಟ್ರ್ಯಾಕ್ಟರಿನ ಮುಂದೆ ಕುಳಿತ ಹುಡುಗನಿಗೆ, ತಾನು ಹುಡುಕುತ್ತಿರುವುದು ಆ ಗುಟುಕನ್ನೇ ಎಂದು ಯಾರಾದರೂ ಹೇಳಿದರೆ ಪಠ್ಯಪುಸ್ತಕದ ಫ್ಯಾರಡೆ ಅವನಿಗೆ ಹತ್ತಿರದ ನೆಂಟನಾಗಿಬಿಡುತ್ತಾನೆ.

ಕೊಳ್ಳೇಗಾಲದಿಂದ ನೈಋತ್ಯಕ್ಕೆ ಹೊರಟರೆ ಯಳಂದೂರು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಪುಟ್ಟ ತಾಲ್ಲೂಕು. ಗೌರೀಶ್ವರ ದೇವಾಲಯದ ಮುಂದಿನ ಬಳೆಮಂಟಪದ ಕಲ್ಲಿನ ಸರಪಳಿ ನೋಡದೆ ಮುಂದೆ ಹೋಗುವುದು ತಪ್ಪು. ಮುಂದೆ ರಸ್ತೆ ಬಿಳಿಗಿರಿರಂಗನ ಬೆಟ್ಟಕ್ಕೆ ಏರುತ್ತದೆ. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ್ದು ಇಲ್ಲಿಯೇ. ಒಳಕಾಡಿನ ಸೋಲಿಗರ ಪೋಡುಗಳಿಗೆ ಕಂಬ, ತಂತಿ ಸುಲಭವಾಗಿ ಹೋಗಲಿಲ್ಲ. ಅಲ್ಲಿ ಮಕ್ಕಳ ರಾತ್ರಿಯ ಓದಿಗೆ ಸೀಮೆಎಣ್ಣೆಯ ಬುಡ್ಡಿ, ಆಮೇಲೆ ಸೂರ್ಯನ ದೀಪ.

ಸೂರ್ಯನ ದೀಪವೂ ಇದೇ ಕೆರೆಯ ಲೆಕ್ಕ. ಆಲ್ಟರ್ನೇಟರಿನ ಜಾಗದಲ್ಲಿ ಫಲಕ, ರೆಗ್ಯುಲೇಟರಿನ ಜಾಗದಲ್ಲಿ ಚಾರ್ಜ್ ಕಂಟ್ರೋಲರ್. ಹನ್ನೆರಡು ವೋಲ್ಟ್ ಬ್ಯಾಟರಿಗೆಂದು ಮಾಡಿದ ಫಲಕ ಒಳ್ಳೆಯ ಬಿಸಿಲಿನಲ್ಲಿ, ತಂತಿ ಬಿಚ್ಚಿ ಅಳೆದಾಗ, ಸುಮಾರು 20 ವೋಲ್ಟ್ ತೋರಿಸಬೇಕು. ತೋರಿಸಿದರೆ ಹಳ್ಳದಲ್ಲಿ ನೀರಿದೆ, ಕಾಲುವೆಯನ್ನು ನೋಡಬೇಕು. ಕಾಡಿನಲ್ಲಿ ಇನ್ನೊಂದು ತಮಾಷೆಯುಂಟು: ಫಲಕ ಹಾಕಿದಾಗ ಗಿಡವಾಗಿದ್ದದ್ದು ಐದು ವರ್ಷದಲ್ಲಿ ಮರವಾಗಿರುತ್ತದೆ. ಫಲಕದ ಕೋಶಗಳು ಒಂದರ ಹಿಂದೊಂದು ಸರಪಳಿಯಾಗಿ ಸೇರಿರುವುದರಿಂದ ಒಂದು ಮೂಲೆಗೆ ಬಿದ್ದ ಕೊಂಬೆಯ ನೆರಳು ಕೂಡ ಇಡೀ ಫಲಕದ ಶಕ್ತಿಯನ್ನು ಕುಗ್ಗಿಸುತ್ತದೆ. ಇನ್ನು ದೀಪ ಬೇಗ ಆರುತ್ತದೆಂದು ಕಂಟ್ರೋಲರನ್ನು ಬದಿಗಿಟ್ಟು ನೇರ ಬ್ಯಾಟರಿಗೇ ತಂತಿ ಸಿಕ್ಕಿಸುವುದುಂಟು. ಅಂದು ರಾತ್ರಿ ಒಂದು ಗಂಟೆ ಹೆಚ್ಚು ಬೆಳಕು ಸಿಗುತ್ತದೆ. ಬ್ಯಾಟರಿ ತಳ ಕಾಣುವವರೆಗೆ ಬರಿದಾಗುವುದರಿಂದ ಅದರ ಆಯುಸ್ಸು ಮಾತ್ರ ತಿಂಗಳುಗಳಿಗೆ ಇಳಿಯುತ್ತದೆ. ಕೂಲಿಯ ದುಡ್ಡಿನಲ್ಲಿ ಹೊಸ ಬ್ಯಾಟರಿ ತರುವುದು ಪೋಡಿನ ಮನೆಗೆ ಸಣ್ಣ ಮಾತಲ್ಲ. ಎಸ್ಸೆಸ್ಸೆಲ್ಸಿಯ ಹುಡುಗಿಗೆ ಪರೀಕ್ಷೆ ಮುಗಿಯುವವರೆಗೆ ಕಾಯುವುದಕ್ಕೂ ಆಗದು. ದೀಪ ಹಂಚುವುದಕ್ಕೆ ಬಂದವರು ಫೋಟೋ ತೆಗೆಸಿಕೊಂಡು ಹೋಗುವಾಗ ಒಂದು ಮೀಟರನ್ನೂ ಅದನ್ನು ಹಿಡಿಯಲು ಕಲಿತ ಒಬ್ಬ ಹುಡುಗನನ್ನೂ ಪೋಡಿನಲ್ಲಿ ಬಿಟ್ಟು ಹೋಗಿದ್ದರೆ ಎಷ್ಟೋ ದೀಪಗಳು ಇನ್ನೂ ಉರಿಯುತ್ತಿದ್ದವು.

ಹನೂರಿನ ಕಡೆಯ ಸೀಮೆ ಬೇರೆ. ರಾಗಿ, ಜೋಳದ ಒಣಹೊಲಗಳು ಹಿಂದಾಗಿ ತಾಳಬೆಟ್ಟದಿಂದ ತಿರುವಿನ ಮೇಲೆ ತಿರುವು ಏರಿದರೆ ಮಲೆ ಮಹದೇಶ್ವರ. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಿಗೆ ಟೆಂಪೊ, ಟ್ರ್ಯಾಕ್ಟರ್ ಕಟ್ಟಿಕೊಂಡು ಬರುವವರಿಗೆ ಸೀರಿಯಲ್ ದೀಪ, ದೊಡ್ಡ ಸ್ಪೀಕರು ಇಲ್ಲದೆ ಮಾದಪ್ಪನ ದರ್ಶನವಾಗದು. ಅರ್ಧ ಘಟ್ಟದಲ್ಲಿ ಹೆಡ್‌ಲೈಟು ಮಂಕಾದಾಗ ಮತ್ತೆ ಬಯ್ಗುಳ ಬ್ಯಾಟರಿಗೆ. ಲೆಕ್ಕ ಹಾಕಿದರೆ ತಿಳಿಯುತ್ತದೆ: 55 ವ್ಯಾಟಿನ ಎರಡು ಹೆಡ್‌ಲೈಟಿಗೆ 9 ಆಂಪಿಯರು, 300 ವ್ಯಾಟಿನ ಆಂಪ್ಲಿಫೈಯರಿಗೆ 25. ಆಲ್ಟರ್ನೇಟರಿನ ಶಕ್ತಿ 35 ಆಂಪಿಯರ್ ಆಗಿದ್ದರೆ ಬ್ಯಾಟರಿಯ ಪಾಲಿಗೆ ಉಳಿದದ್ದು ಒಂದು. ಇಲ್ಲಿ ಯಾವ ಭಾಗವೂ ಕೆಟ್ಟಿಲ್ಲ. ಸ್ಪೀಕರು ನಿಲ್ಲಿಸಿದರೆ ಹೆಡ್‌ಲೈಟು ತಾನಾಗಿ ಬೆಳಗುತ್ತದೆ.

ಬೆಟ್ಟದಾಚೆ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತದಂಥ ಊರುಗಳು ಕಾಡಿನೊಳಗಿವೆ. ರಸ್ತೆ, ನೀರು, ವಿದ್ಯುತ್ತಿಗಾಗಿ ಅವು ಕಾದದ್ದು ದೀರ್ಘಕಾಲ. ಅಂಥ ದಾರಿಯಲ್ಲಿ ಶಾಲೆಯ ಮಕ್ಕಳನ್ನು ಹೊತ್ತ ಜೀಪು ಕೆಟ್ಟು ನಿಂತರೆ ಸುತ್ತಮುತ್ತ ಇರುವುದು ಆನೆಯ ಲದ್ದಿ ಮಾತ್ರ, ಆಟೋ ಎಲೆಕ್ಟ್ರಿಷಿಯನ್ ಅಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಬೆಳಗಿದ ದಿನವೇ, ಜೀಪು ಇನ್ನೂ ಓಡುತ್ತಿರುವಾಗಲೇ, ಚಾಲಕ ಇಳಿದು ಬೆಲ್ಟು ಒತ್ತಿ ನೋಡುತ್ತಾನೋ ಇಲ್ಲವೋ ಎಂಬುದರ ಮೇಲೆ ಮಕ್ಕಳ ಮರುದಿನದ ಹಾಜರಿ ನಿಂತಿದೆ.

ನೆರೆಯ ದೋಣಿಗೆ ಬೇಕಾದದ್ದೂ ಇಷ್ಟೇ ಸರಳ ಉಪಚಾರ. ತಿಂಗಳಿಗೊಮ್ಮೆ ಬ್ಯಾಟರಿಯನ್ನು ಹೊರತೆಗೆದು ವೋಲ್ಟ್ ನೋಡಿ ಒಂದು ವಹಿಯಲ್ಲಿ ಬರೆದಿಡುವುದು, 12.4ಕ್ಕಿಂತ ಇಳಿದಿದ್ದರೆ ಚಾರ್ಜಿಗೆ ಹಾಕುವುದು, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡುವುದು, ಮೊಳಕೆಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರುವುದು, ಯಂತ್ರದ ಕೆಳಭಾಗವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹತ್ತು ನಿಮಿಷ ಓಡಿಸಿ ಮೀಟರು 14ರ ಹತ್ತಿರ ಬರುತ್ತದೆಯೇ ಎಂದು ನೋಡುವುದು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿದ ಹುಡುಗನೊಬ್ಬ ಒಂದು ಶನಿವಾರದ ಮಧ್ಯಾಹ್ನದಲ್ಲಿ ಇದನ್ನು ಮುಗಿಸಬಲ್ಲ. ಜೂನ್ ತಿಂಗಳಿಗೆ ಮುಂಚೆ ಅಂಥ ನಾಲ್ಕೈದು ಶನಿವಾರಗಳು ಸಿಗುತ್ತವೆ.